ಲೋಯಿಸ್ ಎಸೆದ ಶೂ
ಅಪ್ಪ ಕುಡಿದು ಮಲಗಿದ ದಿನ ಅಮ್ಮ ಅವರ ಆಫೀಸಿಗೆ ಫೋನ್ ಮಾಡಿ 'ಜ್ವರ' ಅನ್ನುತ್ತಿದ್ದಳು. ಪುಣೆಯಲ್ಲಿ ಯಾರಾದರೂ ಕೇಳಿದರೆ ನಾನೂ 'ಅಪ್ಪ ಆರಾಮ' ಅನ್ನುತ್ತಿದ್ದೆ. ಹಾಗಾಗಿ ಲೋಯಿಸ್ ವಿಲ್ಸನ್ ಕಥೆ ನಮ್ಮನೆಯದೇ ಅನ್ನಿಸಿತು.

1918ರಲ್ಲಿ ಬಿಲ್ ವಿಲ್ಸನ್‌ನನ್ನು ಮದುವೆಯಾದ ಈಕೆ ನ್ಯೂಯಾರ್ಕಿನ ಮೇಸೀಸ್ ಅಂಗಡಿಯಲ್ಲಿ ದುಡಿದು ಕುಡುಕ ಗಂಡನನ್ನು ಸಾಕಿದಳು. 1934ರಲ್ಲಿ ಆತ ಕುಡಿತ ಬಿಟ್ಟ, ಮರುವರ್ಷ ಡಾ. ಬಾಬ್ ಸ್ಮಿತ್ ಜೊತೆ ಆಲ್ಕೋಹಾಲಿಕ್ಸ್ ಅನಾನಿಮಸ್ ಕಟ್ಟಿದ. ಆದರೂ ಒಂದು ದಿನ ಮೀಟಿಂಗಿಗೆ ಕರೆದಾಗ ಲೋಯಿಸ್ ಸಿಟ್ಟಿನಿಂದ ಶೂ ಎಸೆದಳು. ವರ್ಷಗಟ್ಟಲೆ ತನ್ನಿಂದಾಗದ್ದು ಬೇರೆಯವರಿಂದ ಆಯಿತಲ್ಲ ಎಂಬ ಸಂಕಟ! ಅವನನ್ನು ಕಾಯುವುದೇ ತನ್ನ ಬದುಕಾಗಿತ್ತೆಂದು ಆಮೇಲೆ ಹೊಳೆಯಿತು. 1951ರಲ್ಲಿ ಕುಡುಕರ ಮನೆಯವರಿಗಾಗಿ ಅಲ್-ಅನಾನ್ ಕಟ್ಟಿದಳು. 'ಕೋಡಿಪೆಂಡೆನ್ಸಿ' ಎಂಬ ಪದ ಜನಪ್ರಿಯವಾದದ್ದು 1980ರ ದಶಕದಲ್ಲಿ.

ಅಮ್ಮನಿಗೆ ಈ ಕಥೆ ಹೇಳಿದೆ. ಸುಮ್ಮನಿದ್ದಳು. ಹೋದ ಸೋಮವಾರ ಆಫೀಸಿನಿಂದ ಫೋನ್ ಬಂದಾಗ, ಅಪ್ಪನ ಕೈಗೇ ಕೊಟ್ಟಳಂತೆ.