ಸರ್ವೇಯರ್ ಡಬ್ಬಿಗಳೂ ಎಂಬತ್ತು ಅಕ್ಷರದ ಸಾಲೂ

ಇಲ್ಲಿ ಬರೆಯದೆ ಬಹಳ ದಿನ ಆಗಿತ್ತು. ಆಫೀಸು, ರಿಲೀಸು, ಅದೇ ಹಳೇ ನೆಪ :) ಮೊನ್ನೆ ಊರಿಗೆ ಹೋದಾಗ ನಮ್ಮ ತೋಟದ ಹದ್ದುಬಸ್ತು ಇತ್ತು. ಅಪ್ಪ ಸರಪಳಿ ಬರುತ್ತದೆ ಅಂತ ಕಾದಿದ್ದರೆ, ಸರ್ವೇಯರು ಕೋಲಿನ ತುದಿಗೆ ಅಣಬೆಯಂಥ ಆಂಟೆನಾ ಸಿಕ್ಕಿಸಿಕೊಂಡು ಬಂದರು. ಅವರ ಲ್ಯಾಪ್‌ಟಾಪಿನಲ್ಲಿ 'ರೈನೆಕ್ಸ್' ಅಂತೊಂದು ಫೋಲ್ಡರು.

"ಇದೇನ್ ಸಾರ್?"

"ಯಾವ ಕಂಪನಿ ಮೆಷಿನ್ ಆದ್ರೂ ಇದಕ್ಕೆ ಬದಲಾಯಿಸಿ ಕೊಟ್ರೆ ಎಲ್ಲಾ ಸಾಫ್ಟ್‌ವೇರೂ ಓದುತ್ತೆ."

ಅಷ್ಟು ಸಾಕಾಯ್ತು. ಬೆಂಗಳೂರಿಗೆ ಬಂದವನೇ ಇದರ ಹಿಂದೆ ಬಿದ್ದೆ.

ಜಿಪಿಎಸ್‌ನ 24 ಉಪಗ್ರಹಗಳ ವ್ಯವಸ್ಥೆ ಪೂರ್ತಿ ಸಿದ್ಧ ಅಂತ ಘೋಷಣೆಯಾಗಿದ್ದು 1995ರಲ್ಲಿ. ಸರ್ವೇಯರುಗಳು ಅಲ್ಲಿಯವರೆಗೆ ಕಾಯಲಿಲ್ಲ, 80ರ ದಶಕದಲ್ಲೇ ಶುರು ಹಚ್ಚಿಕೊಂಡಿದ್ದರು. ಆಗ ಆಕಾಶದಲ್ಲಿದ್ದದ್ದು ಬೆರಳೆಣಿಕೆಯಷ್ಟು. ಬೇಕಾದಷ್ಟು ಒಟ್ಟಿಗೆ ಕಾಣುತ್ತಿದ್ದದ್ದು ದಿನಕ್ಕೆ ಕೆಲವೇ ಗಂಟೆ. ಆ ಹೊತ್ತು ನಡುರಾತ್ರಿ ಬಂದರೆ ನಡುರಾತ್ರಿಯೇ ಗುಡ್ಡ ಹತ್ತಬೇಕು. ಅದೂ ದಿನಾ ಸುಮಾರು 4 ನಿಮಿಷ ಮುಂಚೆ ಬರುತ್ತಿತ್ತು!

ಒಂದೇ ಡಬ್ಬಿ ಇಟ್ಟರೆ ಲೆಕ್ಕ ಮೀಟರುಗಟ್ಟಲೆ ತಪ್ಪುತ್ತದೆ. ಎರಡು ಜಾಗದಲ್ಲಿ ಎರಡು ಡಬ್ಬಿ ಇಟ್ಟು, ಅದೇ ಉಪಗ್ರಹಗಳ ಅಲೆಗಳನ್ನು ಒಂದೇ ಸಮಯದಲ್ಲಿ ದಾಖಲಿಸಿ, ಆಮೇಲೆ ಒಂದರಿಂದ ಇನ್ನೊಂದನ್ನು ಕಳೆಯಬೇಕು. ಎರಡಕ್ಕೂ ಸಮಾನವಾದ ತಪ್ಪುಗಳು ಬಹುಪಾಲು ಹೊರಟುಹೋಗಿ, ನಡುವಿನ ದೂರ ಸೆಂಟಿಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಅಂದ್ರೆ ಅಸಲಿ ಕೆಲಸ ನಡೆಯೋದು ಗುಡ್ಡ ಇಳಿದ ಮೇಲೆ, ಕಂಪ್ಯೂಟರಿನಲ್ಲಿ. ತಕರಾರು ಇದ್ದದ್ದೂ ಅಲ್ಲೇ. ಒಂದೊಂದು ಕಂಪನಿಯ ಡಬ್ಬಿ ತನ್ನದೇ ಬೈನರಿ ಗುಟ್ಟಿನಲ್ಲಿ ಬರೆಯುತ್ತಿತ್ತು. ಒಂದು ಗುಡ್ಡದ ಮೇಲೆ ಈ ಕಂಪನಿ, ಇನ್ನೊಂದರ ಮೇಲೆ ಆ ಕಂಪನಿ ಆದರೆ ಕಳೆಯೋದು ಹೇಗೆ?

ನಮಗಿದು ಹೊಸದಲ್ಲ ಬಿಡಿ. ತಾತನ ನೆನಪಿನ ಸಂಚಿಕೆಯ ಫೈಲು ನಮ್ಮ ಮನೆಯಲ್ಲಿ ಈಗಲೂ ಇದೆ. ಆ ಕಾಲದ ಫಾಂಟ್ ಇಲ್ಲದೆ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಯೂನಿಕೋಡ್ ಬರುವವರೆಗೆ ಕನ್ನಡ ಪಟ್ಟ ಪಾಡನ್ನೇ ಸರ್ವೇಯರುಗಳೂ ಪಟ್ಟಿದ್ದಾರೆ.

1989ರಲ್ಲಿ ಯೂರೋಪಿನ ದೇಶಗಳು ಸೇರಿ 'ಯೂರೆಫ್ 89' ಅಂತ ದೊಡ್ಡ ಅಳತೆಗೆ ಹೊರಟವು. ಒಂದೊಂದು ದೇಶದ ನಕ್ಷೆಗೂ ಒಂದೊಂದು ಹಳೆಯ ಆಧಾರವಿತ್ತು, ಎಲ್ಲವನ್ನೂ ಒಂದೇ ಚೌಕಟ್ಟಿಗೆ ತರಬೇಕಿತ್ತು. ಡಬ್ಬಿಗಳು 60ಕ್ಕೂ ಹೆಚ್ಚು, ಕಂಪನಿಗಳು ನಾಲ್ಕು. ಸ್ವಿಟ್ಜರ್‌ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ವರ್ನರ್ ಗುರ್ಟ್ನರ್ ಮತ್ತವರ ಸಂಗಡಿಗರು ಆ ಕೆಲಸಕ್ಕೆಂದೇ ರೈನೆಕ್ಸ್ ಮಾಡಿದರು.

ಅವರು ಕೇಳಿಕೊಂಡ ಪ್ರಶ್ನೆ ನನಗೆ ತುಂಬಾ ಹಿಡಿಸಿತು. ಡಬ್ಬಿ ಏನೇನು ಬರೆಯುತ್ತದೆ ಅಂತಲ್ಲ, ಲೆಕ್ಕ ಹಾಕುವವನಿಗೆ ನಿಜಕ್ಕೂ ಏನು ಬೇಕು ಅಂತ. ಅಲೆಯ ಫೇಸ್, ಕೋಡಿನಿಂದ ಸಿಗುವ ದೂರ, ಸಮಯ. ಜೊತೆಗೆ ಜಾಗದ ಹೆಸರು, ಆಂಟೆನಾ ಎತ್ತರ ಇತ್ಯಾದಿ ಚೂರುಪಾರು. ಉಳಿದದ್ದು ಬೇಡ. ಫೇಸ್ ಯಾವ ದಿಕ್ಕಿಗೆ ಏರಬೇಕು ಅನ್ನುವುದಕ್ಕೂ ಒಂದೇ ನಿಯಮ. ಎಲ್ಲವೂ ಸಾದಾ ಟೆಕ್ಸ್ಟ್, ಸಾಲಿಗೆ ಹೆಚ್ಚೆಂದರೆ 80 ಅಕ್ಷರ. ಪಂಚ್ ಕಾರ್ಡಿನ ಅಗಲವೂ ಅಷ್ಟೇ ಅಲ್ವಾ!

ಟೆಕ್ಸ್ಟ್ ಆದ್ದರಿಂದ ಇನ್ನೊಂದು ಲಾಭ. ಕತ್ತಲಲ್ಲಿ ಟ್ರೈಪಾಡಿನ ಎತ್ತರ ತಪ್ಪು ಬರೆದುಕೊಂಡಿದ್ದರೆ, ಫೀಲ್ಡ್ ಬುಕ್ ನೋಡಿ ಎಡಿಟರಿನಲ್ಲಿ ಒಂದು ಸಾಲು ತಿದ್ದಿದರೆ ಮುಗೀತು. ಇಲ್ಲದಿದ್ದರೆ ಮತ್ತೆ ಗುಡ್ಡ.

ನಮ್ಮ ಐಐಎಸ್‌ಸಿಯಲ್ಲೂ 1990ರ ದಶಕದಲ್ಲಿ ಇಂಥದ್ದೊಂದು ಕಾಯಂ ಆಂಟೆನಾ ಬಂತು. ಅಂಥ ಫೈಲುಗಳನ್ನು ವರ್ಷವರ್ಷ ಪಕ್ಕಪಕ್ಕ ಇಟ್ಟು ನೋಡಿದ್ದಕ್ಕೇ ಬೆಂಗಳೂರು ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕೆ ಸರಿಯುತ್ತಿದೆ ಅಂತ ಅಳೆದು ಹೇಳಲು ಆಗಿದ್ದು. ಡಬ್ಬಿಗಳು ಎಷ್ಟೋ ಸಲ ಬದಲಾಗುತ್ತವೆ, ಹಳೇ ಫೈಲು ಓದಲು ಬಾರದಿದ್ದರೆ ಅಳೆದದ್ದೂ ಒಂದೇ, ಬಿಟ್ಟದ್ದೂ ಒಂದೇ.

ಎರಡನೇ ಆವೃತ್ತಿಯಲ್ಲಿ ಇಸವಿಗೆ ಎರಡೇ ಅಂಕಿ ಇಟ್ಟರು. 80ರಿಂದ 99 ಅಂದರೆ ಹಿಂದಿನ ಶತಮಾನ, 00ಯಿಂದ 79 ಅಂದರೆ ಈಗಿನದು. ನಮ್ಮ ಕೋಡ್ ರಿವ್ಯೂನಲ್ಲಿ ಇದನ್ನ ಯಾರೂ ಪಾಸ್ ಮಾಡ್ತಿರಲಿಲ್ಲ :)

ಅಂದ ಹಾಗೆ, ನಮ್ಮ ಬೇಲಿ ಪಕ್ಕದವರ ಜಾಗಕ್ಕೆ ಒಂದಡಿ ಹೋಗಿದೆಯಂತೆ. ಸರಪಳಿ ಹಿಡಿದು ಅಳೆದರೆ ಸರಿಯಾಗುತ್ತೆ ಅಂತ ಅಪ್ಪ ಇನ್ನೂ ಹೇಳುತ್ತಿದ್ದಾರೆ.