ಮನೆ ಸರ್ವರ್‌ನಲ್ಲಿ ವರ್ಚುವಲ್ ನೆಟ್‌ವರ್ಕ್

ಮನೆಯ ಫೋಟೊ, ವಿಡಿಯೊ, ಫೈಲುಗಳನ್ನು ಒಂದೆಡೆ ಇಟ್ಟು ಎಲ್ಲರಿಗೂ ಒದಗಿಸುವ ನ್ಯಾಸ್ ಸರ್ವರ್‌ನಲ್ಲಿ, ಒಂದೇ ಲ್ಯಾನ್ ಪೋರ್ಟಿನ ಮೇಲೆ ಸಾಫ್ಟ್‌ವೇರ್ ಬಲದಿಂದ ಹಲವು ಜಾಲಗಳನ್ನು ನಡೆಸುವ ಏರ್ಪಾಡು. ಇದಕ್ಕೆ ಬಳಕೆಯಾಗುವ ಸಾಧನಗಳಲ್ಲಿ ಮುಖ್ಯವಾದವು ಎರಡು: ಬ್ರಿಡ್ಜ್ ಕೂಡಿಸುತ್ತದೆ, ವಿಲ್ಯಾನ್ ಬೇರ್ಪಡಿಸುತ್ತದೆ. ಇಲ್ಲಿನ ವಿವರಣೆಗೆ ಟ್ರೂನ್ಯಾಸ್ ಆಧಾರ. ಫ್ರಾನ್ಸಿನ ಒಲಿವಿಯೆ ಕೊಶಾರ್-ಲಾಬೆ 2005ರಲ್ಲಿ ಫ್ರೀನ್ಯಾಸ್ ಹೆಸರಿನಲ್ಲಿ ಆರಂಭಿಸಿದ ತಂತ್ರಾಂಶ ಇದು. ಮೂಲದಲ್ಲಿ ಫ್ರೀಬಿಎಸ್‌ಡಿ ಮೇಲೆ ನಿಂತಿತ್ತು. 2022ರಲ್ಲಿ ಬಂದ ಸ್ಕೇಲ್ ಆವೃತ್ತಿಯದು ಡೆಬಿಯನ್ ಲಿನಕ್ಸ್ ತಳಹದಿ.

ಸರ್ವರ್‌ನೊಳಗೆ ವರ್ಚುವಲ್ ಮಷೀನ್ ಹೂಡಿದವರನ್ನು ಮೊದಲು ಕಾಡುವ ಸಮಸ್ಯೆ ವಿಚಿತ್ರವಾದದ್ದು. ಆ ಮಷೀನಿಗೆ ಇಂಟರ್‌ನೆಟ್ ಸಿಗುತ್ತದೆ, ಪಕ್ಕದ ಕೋಣೆಯ ಪ್ರಿಂಟರ್ ಸಿಗುತ್ತದೆ; ತಾನು ಓಡುತ್ತಿರುವ ಸರ್ವರ್‌ನ ಶೇರ್ ಮಾತ್ರ ಸಿಗುವುದಿಲ್ಲ. ಪಾಸ್‌ವರ್ಡನ್ನೋ ಅನುಮತಿಗಳನ್ನೋ ತಡಕಾಡಿ ಪ್ರಯೋಜನವಿಲ್ಲ. ಮಷೀನನ್ನು ನೇರವಾಗಿ ಭೌತಿಕ ಪೋರ್ಟಿಗೆ ಅಂಟಿಸಿದಾಗ ಅದು ಕಳಿಸುವ ಫ್ರೇಮುಗಳೆಲ್ಲ ಕೇಬಲ್ ಹಿಡಿದು ಹೊರಗಿನ ಸ್ವಿಚ್ಚಿಗೆ ಹೋಗಿಬಿಡುತ್ತವೆ. ಸಾಮಾನ್ಯ ಸ್ವಿಚ್ ಒಂದು ಪೋರ್ಟಿನಿಂದ ಬಂದ ಫ್ರೇಮನ್ನು ಅದೇ ಪೋರ್ಟಿಗೆ ಮರಳಿಸುವುದಿಲ್ಲ. ಹೀಗಾಗಿ ಒಂದೇ ಪೆಟ್ಟಿಗೆಯೊಳಗಿದ್ದೂ ಇಬ್ಬರಿಗೂ ಮಾತುಕತೆಯಿಲ್ಲ.

ಪರಿಹಾರ ಬ್ರಿಡ್ಜ್. ಇದು ಸರ್ವರ್‌ನೊಳಗೇ ಕೂತ ಸ್ವಿಚ್. ಬಿಆರ್0 ಎಂಬ ಹೆಸರಿನಲ್ಲಿ ಅದನ್ನು ಸೃಷ್ಟಿಸಿ, ಭೌತಿಕ ಪೋರ್ಟನ್ನು ಅದರ ಸದಸ್ಯನನ್ನಾಗಿಸಿ, ವರ್ಚುವಲ್ ಮಷೀನನ್ನೂ ಅದಕ್ಕೇ ಸೇರಿಸಬೇಕು. ಸರ್ವರ್‌ನ ಐಪಿ ವಿಳಾಸ ಇನ್ನು ಮುಂದೆ ಇರಬೇಕಾದದ್ದು ಪೋರ್ಟಿನ ಮೇಲಲ್ಲ, ಬ್ರಿಡ್ಜಿನ ಮೇಲೆ. ಎಡವುವುದು ಇಲ್ಲೇ: ವಿಳಾಸ ಬದಲಿಸಹೊರಟವರು ಅದೇ ವಿಳಾಸದ ಮೂಲಕ ಬ್ರೌಸರಿನಲ್ಲಿ ಕೂತಿರುತ್ತಾರೆ. ಹಳೆಯ ಕಡೆ ತೆಗೆಯುವುದು, ಹೊಸ ಕಡೆ ಹಾಕುವುದು ಎರಡನ್ನೂ ಮುಗಿಸಿದ ಮೇಲೆಯೇ ಬದಲಾವಣೆಯನ್ನು ಪರೀಕ್ಷೆಗೆ ಒಡ್ಡಬೇಕು. ಸಾಮಾನ್ಯವಾಗಿ 60 ಸೆಕೆಂಡಿನೊಳಗೆ ದೃಢೀಕರಿಸದಿದ್ದರೆ ಟ್ರೂನ್ಯಾಸ್ ತಾನಾಗಿ ಹಳೆಯ ಸ್ಥಿತಿಗೆ ಮರಳುತ್ತದೆ. ಇಡೀ ತಂತ್ರಾಂಶದಲ್ಲಿ ಇಷ್ಟು ವಿವೇಕದ ಸೌಲಭ್ಯ ಇನ್ನೊಂದಿಲ್ಲ ಎನ್ನಬಹುದು. ಆದರೂ ಸರ್ವರ್‌ಗೆ ಮಾನಿಟರ್, ಕೀಬೋರ್ಡ್ ಸಿಕ್ಕಿಸಿಟ್ಟುಕೊಳ್ಳುವುದು ಕ್ಷೇಮ.

ವಿಲ್ಯಾನ್‌ನ ಕೆಲಸ ಬೇರೆ. ಐಇಇಇ ಸಂಸ್ಥೆಯ 802.1ಕ್ಯೂ ಮಾನದಂಡದಂತೆ ಪ್ರತಿ ಫ್ರೇಮಿಗೂ 4 ಬೈಟ್‌ಗಳ ಟ್ಯಾಗ್ ಸೇರುತ್ತದೆ. ಅದರಲ್ಲಿ 12 ಬಿಟ್ ಜಾಲದ ಸಂಖ್ಯೆಗೆ ಮೀಸಲು. ಬಳಕೆಗೆ ಸಿಗುವುದು 1ರಿಂದ 4094. ಮನೆಗೆ ಮೂರೋ ನಾಲ್ಕೋ ಸಾಕು. ಸರ್ವರ್ ಸೇರುವ ಸ್ವಿಚ್ ಪೋರ್ಟಿನಲ್ಲೂ ಅದೇ ಸಂಖ್ಯೆಗಳಿಗೆ ಟ್ಯಾಗ್ ಸಹಿತ ಅನುಮತಿ ಇರಬೇಕಾದ್ದರಿಂದ, ಸೆಟ್ಟಿಂಗ್ ಇಲ್ಲದ ಅಗ್ಗದ ಸ್ವಿಚ್ ಈ ಕೆಲಸಕ್ಕೆ ಬಾರದು.

ಉದಾಹರಣೆಗೆ, ಮನೆಮಂದಿಯ ಲ್ಯಾಪ್‌ಟಾಪುಗಳು ವಿಲ್ಯಾನ್ 10ರಲ್ಲಿ, ಸಿಸಿಟಿವಿ ಕ್ಯಾಮೆರಾಗಳು 30ರಲ್ಲಿ ಇವೆ ಎನ್ನೋಣ. ಸರ್ವರ್‌ಗೆ 192.168.10.5 ಮತ್ತು 192.168.30.5 ಎಂಬ ಎರಡು ವಿಳಾಸ ಕೊಟ್ಟರೆ ಕ್ಯಾಮೆರಾದ ದೃಶ್ಯ ರೂಟರನ್ನು ಹಾಯದೆ ನೇರ ಡಿಸ್ಕಿಗೆ ಇಳಿಯುತ್ತದೆ. ಡೀಫಾಲ್ಟ್ ಗೇಟ್‌ವೇ ಮಾತ್ರ ಒಂದೇ ಇರಬೇಕು, ಅದೂ 10ರ ಕಡೆಗೆ. ಒಂದೇ ಸಬ್‌ನೆಟ್ಟಿನ ವಿಳಾಸಗಳನ್ನು ಎರಡು ಇಂಟರ್‌ಫೇಸುಗಳಿಗೆ ಹಂಚುವುದೂ ಸಲ್ಲದು.

ಈ ಅನುಕೂಲದ ಇನ್ನೊಂದು ಮುಖ ಭದ್ರತೆಯದು. ಎರಡೂ ಜಾಲಗಳಲ್ಲಿ ಕಾಲಿಟ್ಟ ಸರ್ವರ್‌ಗೆ ರೂಟರಿನ ಫೈರ್‌ವಾಲ್ ಕಾವಲಿಲ್ಲ. ಬೇರೇನೂ ಹೇಳದಿದ್ದರೆ ಆಡಳಿತದ ವೆಬ್ ಪುಟ ಎಲ್ಲ ವಿಳಾಸಗಳಲ್ಲೂ ತೆರೆದುಕೊಳ್ಳುತ್ತದೆ. ಕ್ಯಾಮೆರಾದೊಳಗೆ ಯಾರಾದರೂ ನುಸುಳಿದರೆ ಲಾಗಿನ್ ಪರದೆ ಅವರ ಮುಂದೆಯೇ ಇರುತ್ತದೆ. ವೆಬ್ ಪುಟವನ್ನೂ ಎಸ್‌ಎಂಬಿ ಸೇವೆಯನ್ನೂ 10ರ ವಿಳಾಸಕ್ಕೆ ಮಾತ್ರ ಕಟ್ಟಿಹಾಕುವುದು ಆದ್ದರಿಂದ ಅಗತ್ಯ. ಲ್ಯಾಪ್‌ಟಾಪಿನಿಂದ 30ರ ವಿಳಾಸಕ್ಕೆ ಸಂಪರ್ಕಿಸಲೂ ಬಾರದು: ಕೋರಿಕೆ ರೂಟರ್ ಮೂಲಕ ಹೋಗಿ ಉತ್ತರ ನೇರವಾಗಿ ಬರುವುದರಿಂದ ಫೈರ್‌ವಾಲ್ ಅರ್ಧ ಸಂಭಾಷಣೆಯನ್ನಷ್ಟೇ ಕಂಡು ಸಂಪರ್ಕವನ್ನು ಕಡಿದುಹಾಕಬಹುದು.