ಹೂಗ್ಲಿ ದಂಡೆಯ ಶ್ರೀರಾಮಪುರ ಮತ್ತು ಕನ್ನಡದ ಅಚ್ಚಿನ ಮೊಳೆ

ಕೋಲ್ಕತ್ತದಿಂದ ಹೂಗ್ಲಿ ನದಿಯ ಪಶ್ಚಿಮ ದಂಡೆಯಲ್ಲಿ ಉತ್ತರಕ್ಕೆ ಇಪ್ಪತ್ತು ಚಿಲ್ಲರೆ ಕಿಲೋಮೀಟರು ಸಾಗಿದರೆ ಶ್ರೀರಾಮಪುರ ಸಿಗುತ್ತದೆ. ಇಂಗ್ಲಿಷರ ಬಾಯಲ್ಲಿ ಅದು ಸೆರಾಂಪುರ. ಜಿಲ್ಲಾ ಕೇಂದ್ರವೂ ಅಲ್ಲದ ಈ ಊರಿನ ಹೆಸರು ಕನ್ನಡ ಮುದ್ರಣ ಚರಿತ್ರೆಯ ಮೊದಲ ಪುಟದಲ್ಲೇ ಬರುತ್ತದೆ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಇಲ್ಲಿಯೇ. ಕನ್ನಡದ ಅಚ್ಚಿನ ಮೊಳೆಗಳನ್ನು ಜೋಡಿಸಿ ಮುದ್ರಿಸಿದ ಮೊದಲ ಪುಸ್ತಕವೆಂದು ಅದನ್ನು ಸಾಮಾನ್ಯವಾಗಿ ಗುರುತಿಸುತ್ತಾರೆ. ಕನ್ನಡ ನಾಡಿನಿಂದ ಇಷ್ಟು ದೂರದಲ್ಲಿ ಇದು ಸಾಧ್ಯವಾದದ್ದು ಹೇಗೆ?

ಮೊದಲ ಕಾರಣ ರಾಜಕೀಯ. ಶ್ರೀರಾಮಪುರ ಆಗ ಇಂಗ್ಲಿಷರದಾಗಿರಲಿಲ್ಲ. 1755ರಲ್ಲಿ ಬಂಗಾಳದ ನವಾಬ ಅಲಿವರ್ದಿ ಖಾನನಿಂದ ಅನುಮತಿ ಪಡೆದು ಡೆನ್ಮಾರ್ಕಿನ ವರ್ತಕರು ಇಲ್ಲಿ ಕೋಠಿ ಕಟ್ಟಿ, ತಮ್ಮ ದೊರೆಯ ನೆನಪಿಗೆ ಫ್ರೆಡೆರಿಕ್ಸ್‌ನಗರವೆಂದು ಹೆಸರಿಟ್ಟರು. ಈಸ್ಟ್ ಇಂಡಿಯಾ ಕಂಪನಿ ತನ್ನ ಸೀಮೆಯಲ್ಲಿ ಮಿಷನರಿಗಳಿಗೆ ಆಸ್ಪದ ಕೊಡುತ್ತಿರಲಿಲ್ಲ; ಡೇನರ ರಾಜ್ಯಪಾಲ ಓಲೆ ಬೀ ಕೊಟ್ಟ. ಹೀಗಾಗಿ ಮಾರ್ಷ್‌ಮನ್ ಮತ್ತು ವಾರ್ಡ್ 1799ರಲ್ಲಿ ಇಲ್ಲಿ ಬಂದಿಳಿದರು. ಆಗಲೇ ಬಂಗಾಳದಲ್ಲಿದ್ದ ಕೇರಿ 1800ರ ಜನವರಿಯಲ್ಲಿ ಅವರನ್ನು ಕೂಡಿಕೊಂಡ. ಅದೇ ವರ್ಷ ಮುದ್ರಣಾಲಯ ಆರಂಭವಾಯಿತು.

ಎರಡನೆಯ ಕಾರಣ ಕುಶಲಕರ್ಮಿಗಳು. ಹಾಲ್‌ಹೆಡ್‌ನ ಬಂಗಾಳಿ ವ್ಯಾಕರಣಕ್ಕಾಗಿ 1778ರಲ್ಲಿ ಚಾರ್ಲ್ಸ್ ವಿಲ್ಕಿನ್ಸ್ ಜೊತೆ ಅಕ್ಷರ ಕೊರೆದಿದ್ದ ಪಂಚಾನನ ಕರ್ಮಕಾರ ಶ್ರೀರಾಮಪುರಕ್ಕೆ ಬಂದು ಸೇರಿದ. ಅವನ ವಿದ್ಯೆಯನ್ನು ಅಳಿಯ ಮನೋಹರ ಮುಂದುವರಿಸಿದ. ಕಮ್ಮಾರಿಕೆಯ ಈ ಮನೆತನದ ಕೈಯಲ್ಲಿ ಉಕ್ಕಿನ ತುದಿಯ ಮೇಲೆ ಒಂದರ ಹಿಂದೊಂದು ಭಾರತೀಯ ಲಿಪಿಗಳು ಮೂಡಿದವು. ಒತ್ತಕ್ಷರಗಳ ಲಿಪಿಗೆ ಮೊಳೆ ಮಾಡುವುದೆಂದರೆ ರೋಮನ್ ಲಿಪಿಯ ಹಾಗೆ ಕೆಲವೇ ಅಕ್ಷರಗಳನ್ನು ಕೊರೆದು ಮುಗಿಸುವುದಲ್ಲ. ಗುಣಿತವನ್ನೂ ಒತ್ತನ್ನೂ ಪ್ರತ್ಯೇಕವಾಗಿ ಯೋಚಿಸಬೇಕು.

1812ರ ಮಾರ್ಚ್ 11ರ ಸಂಜೆ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ಕಾಗದ, ಹಸ್ತಪ್ರತಿಗಳು ಬೂದಿಯಾದವು. ಹಲವು ಭಾಷೆಗಳ ಮೊಳೆಗಳು ಕರಗಿ ಸೀಸದ ಗಟ್ಟಿಗಳಾದವು. ಆದರೆ ಉಕ್ಕಿನ ಪಡಿಯಚ್ಚುಗಳು ಅವಶೇಷಗಳಡಿ ಉಳಿದಿದ್ದವು. ಕರಗಿದ ಲೋಹದಿಂದಲೇ ಮತ್ತೆ ಮೊಳೆ ಎರೆಯಲಾಯಿತು. ಐದು ವರ್ಷಗಳ ಬಳಿಕ ಕನ್ನಡ ವ್ಯಾಕರಣ ಹೊರಬಂತು.

ಆ ಪುಸ್ತಕದ ವಿವರಣೆಯ ಭಾಷೆ ಇಂಗ್ಲಿಷು. ಕನ್ನಡ ಕಲಿಯಬೇಕಾದ ಇಂಗ್ಲಿಷರಿಗಾಗಿ ಬರೆದದ್ದು ಅದು. ಎಂದರೆ ನಮ್ಮ ಲಿಪಿ ಅಚ್ಚಿಗೇರಿದ ಮೊದಲ ಗಳಿಗೆಯಲ್ಲಿ ಅದರ ಉದ್ದೇಶಿತ ಓದುಗ ಕನ್ನಡಿಗನಾಗಿರಲಿಲ್ಲ. ಕನ್ನಡಿಗರು ಕನ್ನಡಿಗರಿಗಾಗಿ ಅಚ್ಚಾದ ಸುದ್ದಿಯನ್ನು ಓದಲು 1843ರ 'ಮಂಗಳೂರ ಸಮಾಚಾರ'ದವರೆಗೆ ಕಾಯಬೇಕಾಯಿತು.

ಇನ್ನೊಂದು ಸಂಗತಿಯೂ ಇದೆ. ಕೇರಿ 1793ರಲ್ಲಿ ಬಂಗಾಳಕ್ಕೆ ಬಂದವನು 1834ರಲ್ಲಿ ಶ್ರೀರಾಮಪುರದಲ್ಲೇ ತೀರಿಕೊಂಡ. ಕನ್ನಡ ನಾಡನ್ನು ಕಾಣದ ಅವನಿಗೆ ಕನ್ನಡದ ವಿಭಕ್ತಿ, ಕ್ರಿಯಾಪದಗಳು ದಕ್ಕಬೇಕಾದರೆ ಕನ್ನಡ ಬಲ್ಲವರು ಅವನ ಬಳಿ ಕುಳಿತು ಉತ್ತರಿಸಿರಲೇಬೇಕು. ಮುಖಪುಟದಲ್ಲಿರುವುದು ಕೇರಿಯ ಹೆಸರು. ಆದರೆ ಹೊರನಾಡಿನಲ್ಲಿ ಬದುಕುವ ನಮಗೆ ಆ ಕನ್ನಡ ಬಲ್ಲವರ ನೆನಪು ಹತ್ತಿರದ್ದಾಗಬೇಕು. ಭಾಷೆ ಅಚ್ಚಿನ ಮನೆಗೆ ಕಾಲಿಟ್ಟದ್ದು ಹೊರನಾಡಿನಲ್ಲೇ.

1845ರಲ್ಲಿ ಡೇನರು ಶ್ರೀರಾಮಪುರವನ್ನೂ ತಮಿಳು ಕರಾವಳಿಯ ತರಂಗಂಬಾಡಿಯನ್ನೂ ಹನ್ನೆರಡೂವರೆ ಲಕ್ಷ ರೂಪಾಯಿಗೆ ಇಂಗ್ಲಿಷರಿಗೆ ಮಾರಿದರು. ಮಗ್ಗುಲ ರಿಷ್ರಾದಲ್ಲಿ 1855ರಲ್ಲಿ ಸೆಣಬಿನ ಗಿರಣಿ ಬಂತು. ವರ್ತಕರ ಊರು ಕಾರ್ಮಿಕರ ಊರಾಯಿತು. ನಮ್ಮ ಕಾಲದಲ್ಲಿ ಡೆನ್ಮಾರ್ಕಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಸಹಕಾರದಿಂದ ಹಳೆಯ ಕಟ್ಟಡಗಳ ಜೀರ್ಣೋದ್ಧಾರ ನಡೆದಿದೆ. 1806ರ ಸೇಂಟ್ ಓಲಾವ್ ಚರ್ಚಿನ ದುರಸ್ತಿಗೆ 2016ರಲ್ಲಿ ಯುನೆಸ್ಕೊದ ಏಷ್ಯಾ-ಪೆಸಿಫಿಕ್ ಪುರಸ್ಕಾರ ದೊರೆಯಿತು. ಪಾಳುಬಿದ್ದಿದ್ದ ಡೆನ್ಮಾರ್ಕ್ ಟ್ಯಾವರ್ನ್ ಈಗ ಉಪಾಹಾರಗೃಹ.

ಇದು ಸಂತೋಷದ ವಿಷಯ. ಆದರೆ ಪರಂಪರೆಯೆಂದರೆ ಕಂಬ, ಕಮಾನುಗಳಷ್ಟೇ ಎಂದು ನಾವು ನಂಬಿಬಿಡುವ ಅಪಾಯವೂ ಇಲ್ಲಿದೆ. ಗೋಡೆಗೆ ಸುಣ್ಣ ಹಚ್ಚಬಹುದು. ಕೈಕಸುಬನ್ನು ಹಾಗೆ ದುರಸ್ತಿ ಮಾಡಲಾಗದು. ಕರ್ಮಕಾರರ ಕೆಲಸ ಉಳಿದಿರುವುದು ಆ ಕಾಲದ ಪುಸ್ತಕಗಳ ಪುಟಗಳಲ್ಲಿ ಮಾತ್ರ. ಕನ್ನಡ ಮುದ್ರಣದ ಕಥೆಯನ್ನು ಮಂಗಳೂರು, ಬಳ್ಳಾರಿಗಳಿಂದ ಆರಂಭಿಸುವ ನಾವು ಅದನ್ನು ಒಂದು ಅಧ್ಯಾಯದಷ್ಟು ಹಿಂದಕ್ಕೆ ಒಯ್ದು, ಕೇರಿಯ ಹೆಸರಿನ ಜೊತೆಗೆ ಮನೋಹರ ಕರ್ಮಕಾರನ ಹೆಸರನ್ನೂ ಬರೆಯುವುದು ನ್ಯಾಯ. ಕೋಲ್ಕತ್ತಕ್ಕೆ ಹೋಗುವ ಕನ್ನಡಿಗರು ಹೌರಾದಲ್ಲಿ ಲೋಕಲ್ ರೈಲು ಹತ್ತಿ ಅರ್ಧ ದಿನವನ್ನು ಈ ಊರಿಗೆ ಕೊಟ್ಟರೆ ನಷ್ಟವೇನಿಲ್ಲ.